ಬೋರ್ಡಕ್ಕ ನೋಡದ ಮುಖ

ಆ ಪೇಟೆಯ ಅಂಗಡಿಗಳ ನೆತ್ತಿಯ ಮೇಲಿನ ಬೋರ್ಡುಗಳಲ್ಲಿ ಮುಕ್ಕಾಲು ಪಾಲು ಒಬ್ಬಳೇ ಹೆಂಗಸಿನ ಕೈಬರಹ. ಹೊಲಿಗೆಯವನ ಕತ್ತರಿ, ಚಪ್ಪಲಿ ಅಂಗಡಿಯ ಒಂಟಿ ಬೂಟು, ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕಿಸಿಯುವ ದವಡೆ, ಎಲ್ಲವೂ ಅವಳವೇ. ಹೆತ್ತವರಿಟ್ಟ ಹೆಸರೊಂದು ಇದ್ದೇ ಇತ್ತು, ಅದು ಸರ್ಕಾರಿ ಕಾಗದಗಳಲ್ಲಿ ತನ್ನ ಪಾಡಿಗೆ ತಾನು ಕೂತಿತ್ತು. ಊರಿನವರ ಬಾಯಲ್ಲಿ ಅವಳು ಬೋರ್ಡಕ್ಕ. ವಯಸ್ಸು ಐವತ್ತನಾಲ್ಕು, ಹೆಬ್ಬೆರಳಿನ ಉಗುರಿನಲ್ಲಿ ಸದಾ ಯಾವುದಾದರೊಂದು ಬಣ್ಣ, ಕೋಪ ಮೂಗಿನ ತುದಿಯಲ್ಲೇ. ಬೋರ್ಡು ಸೊಟ್ಟಗಿದೆ ಎಂದು ಯಾರಾದರೂ ಅಂದರೆ ದಾರ ಹಿಡಿದು ಅಳೆದು ತೋರಿಸಿ, ಸೊಟ್ಟಗಿರುವುದು ನಿಮ್ಮ ಗೋಡೆ ಎಂದು ಹೇಳಿ ಬರುವಂಥವಳು.

ಅವಳ ಅಪ್ಪನೂ ಬೋರ್ಡು ಬರೆಯುವವನೇ. ಅವನ ಕಣ್ಣು ಮಂಜಾಗತೊಡಗಿದಾಗ ಅವಳಿಗೆ ಹದಿನಾಲ್ಕು. ಮೊದಲು ಅಪ್ಪನ ಬದಲಿಗೆ ಗೆರೆ ನೋಡಿದಳು, ಆಮೇಲೆ ಗೆರೆ ಎಳೆದಳು, ಇಪ್ಪತ್ತರ ಹೊತ್ತಿಗೆ ಅಪ್ಪ ಏಣಿಯ ಬುಡ ಹಿಡಿದು ನಿಂತರೆ ಮಗಳು ಮೇಲೆ. ಅಪ್ಪ ಕಲಿಸಿದ್ದು ಬಹಳವಿತ್ತು, ಆದರೆ ಕಟ್ಟುನಿಟ್ಟಾಗಿ ಹೇಳಿದ್ದು ಒಂದೇ. ನೋಡದ ಮುಖವನ್ನು ಬರೆಯಬಾರದು. ಫೋಟೋ ನೋಡಿ ಬರೆಯುವುದೂ ನೋಡಿದ ಲೆಕ್ಕವಲ್ಲ. ಒಮ್ಮೆ ಬಟ್ಟೆ ಅಂಗಡಿಯ ಸಾಹುಕಾರ ತನ್ನ ಸತ್ತ ತಾತನ ಚಿತ್ರ ಬೇಕೆಂದು ಬಂದು, ತಾತನ ಮೂಗು ಹೀಗೆ, ಮೀಸೆ ಹಾಗೆ ಎಂದು ಅರ್ಧ ದಿನ ವರ್ಣಿಸಿದ. ಅಪ್ಪ ಒಪ್ಪಲಿಲ್ಲ. ನೋಡದೆ ಬರೆದರೆ ಅದು ಹೇಳಿದವನ ಆಸೆಯ ಮುಖವಾಗುತ್ತದೆ, ಇಲ್ಲ ಬರೆದವನ ಹೊಟ್ಟೆಕಿಚ್ಚಿನ ಮುಖವಾಗುತ್ತದೆ, ಇದ್ದವನ ಮುಖವಂತೂ ಆಗುವುದಿಲ್ಲ ಎಂದುಬಿಟ್ಟ. ಆ ತಿಂಗಳು ಮನೆಯಲ್ಲಿ ಒಲೆ ಸರಿಯಾಗಿ ಉರಿಯಲಿಲ್ಲ, ಆದರೂ ಮಗಳಿಗೆ ಆ ಮಾತು ಹಿಡಿಸಿತು.

ಮದುವೆಯ ಮಾತೂ ಒಮ್ಮೆ ಬಂದಿತ್ತು. ಗಂಡು ದರ್ಜಿ. ಮದುವೆಯಾದ ಮೇಲೆ ಏಣಿ ಹತ್ತುವುದನ್ನು ಬಿಡಬೇಕಾಗುತ್ತದೆ ಎಂದು ಗಂಡಿನ ಕಡೆಯ ಹಿರಿಯರು ನಯವಾಗಿ ತಿಳಿಸಿದರು. ಅವಳು ಅಷ್ಟೇ ನಯವಾಗಿ, ಗಂಡು ಕತ್ತರಿ ಬಿಡುವುದು ಯಾವತ್ತು ಎಂದು ಕೇಳಿದಳು. ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು. ಅಪ್ಪ ಅಮ್ಮ ಎರಡು ವರ್ಷದ ಅಂತರದಲ್ಲಿ ತೀರಿಕೊಂಡಾಗ ಅವಳ ಪಾಲಿಗೆ ಉಳಿದದ್ದು ಮೂರು: ಮುಂದೆ ಕೆಲಸದ ಕೋಣೆಯಿದ್ದ ಪುಟ್ಟ ಮನೆ, ಆ ಮನೆಯ ಬೀದಿಬದಿಯ ಉದ್ದನೆಯ ಗೋಡೆ, ತನಗಿಂತ ಹನ್ನೊಂದು ವರ್ಷ ಚಿಕ್ಕವನಾದ ತಮ್ಮ.

ತಮ್ಮ ಅಕ್ಕನ ತದ್ವಿರುದ್ಧ. ಕುಂಚ ಕೊಟ್ಟರೆ ಕೈ ನಡುಗುತ್ತಿತ್ತು. ಕೆಲಸ ಕಲಿಯಲಿ ಎಂದು ಅವಳು ಮೂರು ವರ್ಷ ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಡಬ್ಬ ತೊಳೆಯುವುದು, ಬಣ್ಣ ಕಲಸುವುದು, ಸೋರಿದ್ದನ್ನು ಒರೆಸುವುದು, ಇಷ್ಟರಲ್ಲೇ ಅವನು ಹುಷಾರಾದ. ಕೊನೆಗೆ ಗಾಡಿ ಓಡಿಸುವುದನ್ನು ಕಲಿತು ಗುರುಮನೆಯಲ್ಲಿ ಡ್ರೈವರ್ ಕೆಲಸ ಹಿಡಿದ. ದೊಡ್ಡ ಗುರುಗಳ ಕರಿಯ ಕಾರು ಅವನದೇ ಕೈಯಲ್ಲಿ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಅಕ್ಕನ ಮನೆಯ ಹಿಂಭಾಗದಲ್ಲೇ ಸಂಸಾರ. ಯಾರೇ ಗದರಿದರೂ ಮೊದಲು ಹೂಂ ಎಂದು ಆಮೇಲೆ ಏನು ಗದರಿದರೆಂದು ಯೋಚಿಸುವ ಜಾತಿಯ ಮನುಷ್ಯ.

ಗುರುಮನೆ ಎದುರಿಗೇ ಇತ್ತು. ಬೋರ್ಡಕ್ಕನ ಗೋಡೆಗೆ ಮುಖ ಮಾಡಿ ಅದರ ಹೆಬ್ಬಾಗಿಲು. ಒಳಗೆ ಪ್ರಾರ್ಥನಾ ಮಂದಿರ, ಅದರ ಹಿಂದೆ ಗುರುಗಳ ನಿವಾಸ, ನಿವಾಸದ ಹಿಂದೆ ತೋಟ. ಹೊರಗೆ, ಆವರಣದ ಮೂಲೆಯಲ್ಲಿ, ಬಟ್ಟೆ ಒಗೆಯುವವರ ಓಣಿಗೆ ಒಂದು ನಲ್ಲಿಯಿತ್ತು. ಓಣಿಯ ನೂರಿಪ್ಪತ್ತು ಮನೆಗಳಿಗೆ ಅದೊಂದೇ. ಆ ವರ್ಷ ಗುರುಗಳ ಎಪ್ಪತ್ತನೆಯ ಹುಟ್ಟುಹಬ್ಬದ ನೆನಪಿಗೆ ತೋಟದಲ್ಲಿ ಕಾರಂಜಿ ಕಟ್ಟಿಸಿದರು. ಏಳು ಬಾಯಿಯ ಕಾರಂಜಿ, ಪ್ರತಿ ಬಾಯಲ್ಲೂ ಒಂದು ಕಲ್ಲಿನ ಮೀನು. ನೀರು ಆಕಾಶದಿಂದ ಬೀಳುತ್ತದೆಯೇ, ನಲ್ಲಿಯ ಕೊಳವೆಯನ್ನೇ ತಿರುಗಿಸಿಕೊಂಡರು. ಓಣಿಯ ಹೆಂಗಸರು ಬಿಂದಿಗೆ ಹಿಡಿದು ಗುರುಮನೆಯ ಕಾರ್ಯದರ್ಶಿಯ ಬಳಿ ಹೋದರು. ಅವನು ಅವರ ಅರ್ಜಿ ತೆಗೆದುಕೊಂಡ. ಮುಂದಿನ ಪ್ರಾರ್ಥನೆಯಲ್ಲಿ ಅದಕ್ಕೆ ಉತ್ತರ ಬಂತು. ದಾಹವೂ ಒಂದು ಸಾಧನೆ ಎಂಬ ವಿಷಯದ ಮೇಲೆ ಮುಕ್ಕಾಲು ಗಂಟೆ ಪ್ರವಚನ.

ಅಂದಿನಿಂದ ಓಣಿಯವರು ಅರ್ಧ ಗಂಟೆ ದೂರದ ಕಾಲುವೆಯಿಂದ ನೀರು ಹೊರತೊಡಗಿದರು. ಹೊತ್ತ ನೀರಿನಲ್ಲಿ ಮೊದಲು ಒಗೆಯುತ್ತಿದ್ದುದು ಗುರುಮನೆಯ ಬಿಳಿ ನಿಲುವಂಗಿಗಳನ್ನು, ಏಕೆಂದರೆ ಅವು ಸಂಜೆಗೆ ಬೇಕು. ಓಣಿಗೆಲ್ಲ ಹಿರಿಯಳಾದ ದೊಡ್ಡಮ್ಮ ಒಂದು ಬೆಳಿಗ್ಗೆ ತುಂಬಿದ ಬಿಂದಿಗೆಯೊಂದಿಗೆ ಬೋರ್ಡಕ್ಕನ ಬಾಗಿಲ ಮುಂದೆಯೇ ಜಾರಿ ಬಿದ್ದಳು. ಮಂಡಿ ಒಡೆದು ರಕ್ತ ಬಂದಿತ್ತು. ಬೋರ್ಡಕ್ಕ ಒಳಗೆ ಕರೆದು ಅರಿಶಿನ ಹಚ್ಚುವಾಗ ಮುದುಕಿ ಅತ್ತಳು, ಮಂಡಿಗಾಗಿ ಅಲ್ಲ, ಚೆಲ್ಲಿದ ನೀರಿಗಾಗಿ. ಅದನ್ನು ನೋಡಿ ಬೋರ್ಡಕ್ಕನಿಗೆ ಮೈಯೆಲ್ಲ ಉರಿಯಿತು. ಆ ಉರಿ ಊಟ ಮಾಡಿದರೂ ಹೋಗಲಿಲ್ಲ, ಮಲಗಿದರೂ ಹೋಗಲಿಲ್ಲ.

ಅವಳ ಗೋಡೆಯ ಮೇಲೆ ಆಗ ಕೊಡೆ ಕಂಪನಿಯ ಜಾಹೀರಾತು ಇತ್ತು. ಅದರ ಅವಧಿ ಮುಗಿದಿತ್ತು. ಮರುದಿನವೇ ಅವಳು ಕೊಡೆಗಳನ್ನು ಬಳಿದು ಹಾಕಿದಳು. ಚೌಕ ಎಳೆದು, ಸಣ್ಣ ಕಾಗದದ ಚಿತ್ರವನ್ನು ಗೋಡೆಯಷ್ಟಕ್ಕೆ ಹಿಗ್ಗಿಸಿ, ಎಂಟು ದಿನ ಬರೆದಳು.

ಚಿತ್ರದಲ್ಲಿ ಉದ್ದನೆಯ ಊಟದ ಮೇಜು. ಅದರ ಹಿಂದೆ ಎತ್ತರದ ಕುರ್ಚಿ, ಕುರ್ಚಿಯಲ್ಲಿ ಬಿಳಿ ನಿಲುವಂಗಿಯ ಗುರು. ಹೊಟ್ಟೆ ಮೇಜಿನ ಅಂಚಿಗೆ ಒತ್ತಿ ಎರಡು ಮಡಿಕೆಯಾಗಿದೆ, ಪ್ರತಿ ಬೆರಳಿಗೂ ಉಂಗುರ, ಕೊರಳಿಗೆ ಕಟ್ಟಿಕೊಂಡ ಊಟದ ಕರವಸ್ತ್ರ. ಎದುರಿಗೆ ಬೆಳ್ಳಿಯ ತಟ್ಟೆ. ತಟ್ಟೆಯ ಮೇಲೆ ಬಿಸಿಬಿಸಿ ಹಬೆಯಾಡುತ್ತಿರುವುದು ಒಂದು ಹಿತ್ತಾಳೆಯ ನಲ್ಲಿ. ಮೇಜಿಗೆ ಮರದ ಕಾಲುಗಳಿಲ್ಲ. ನಾಲ್ಕು ಮೂಲೆಯಲ್ಲಿ ನಾಲ್ವರು ಮಂಡಿಯೂರಿ ಮೇಜನ್ನು ತಲೆಯ ಮೇಲೆ ಹೊತ್ತಿದ್ದಾರೆ. ಆ ನಾಲ್ವರೂ ಓಣಿಯವರೇ, ದೊಡ್ಡಮ್ಮ, ಅವಳ ಸೊಸೆ, ನೀರು ಹೊರುವ ಕುಂಟ, ಇಸ್ತ್ರಿ ತಾತ. ಬರೆಯುವ ಮುಂಚೆ ಬೋರ್ಡಕ್ಕ ಅವರನ್ನೆಲ್ಲ ಕೇಳಿದ್ದಳು. ಬೇಡವೆಂದು ಒಬ್ಬರೂ ಹೇಳಲಿಲ್ಲ. ಇಸ್ತ್ರಿ ತಾತ ಮಾತ್ರ ತನಗೆ ಉದುರಿದ ಎರಡು ಹಲ್ಲನ್ನು ಹಾಕಿಕೊಡಬೇಕೆಂದು ಬೇಡಿಕೆಯಿಟ್ಟ. ಅವಳು ಒಂದು ಹಾಕಿಕೊಟ್ಟಳು.

ಎಲ್ಲ ಆಯಿತು, ಗುರುವಿನ ಮುಖವೊಂದು ಆಗಲಿಲ್ಲ. ಕಾರಿಗೆ ಪರದೆ, ನಿವಾಸಕ್ಕೆ ಪರದೆ, ಪ್ರಾರ್ಥನೆಯಲ್ಲಿ ಅವರು ಕೂರುವ ಕಡೆ ಹೂವಿನ ರಾಶಿ. ಸಭೆ ಸಮಾರಂಭಗಳಿಗೆ ಅವಳು ಹೋಗುವವಳಲ್ಲ. ಇಷ್ಟು ವರ್ಷ ಎದುರುಬದುರು ಇದ್ದೂ ಅವಳು ಅವರ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಊರೆಲ್ಲ ತೂಗುಹಾಕಿದ್ದ ಪಟಗಳಲ್ಲಿ ಅವರಿಗೆ ಇನ್ನೂ ನಲವತ್ತು ವರ್ಷ. ಅಪ್ಪನ ಮಾತು ಮೀರುವಂತಿರಲಿಲ್ಲ. ಹಾಗಾಗಿ ನಿಲುವಂಗಿಯ ಕೊರಳಿನ ಮೇಲೆ, ಟೋಪಿಯ ಕೆಳಗೆ, ಮೊಟ್ಟೆಯಂಥ ಒಂದು ಜಾಗವನ್ನು ಖಾಲಿ ಬಿಟ್ಟು ಇಳಿದಳು. ಅದು ಜಾಣತನವೆಂದು ಊರು ಹೊಗಳಿತು. ಅವಳಿಗೆ ಅದು ಬಾಕಿ ಉಳಿದ ಕೆಲಸ, ಅಷ್ಟೇ.

ಮೊದಲ ದಿನವೇ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರನೆಯ ದಿನ ಪಕ್ಕದ ಪೇಟೆಯಿಂದಲೂ ಬಂದು ನಕ್ಕರು. ನಾಲ್ಕನೆಯ ಬೆಳಿಗ್ಗೆ ಕಾರ್ಯದರ್ಶಿ ಆರು ಆಳುಗಳಿಗೆ ಸುಣ್ಣದ ಬಕೆಟ್ಟು ಕೊಟ್ಟು ಕಳಿಸಿದ. ಬೋರ್ಡಕ್ಕ ಕಿಟಕಿಯಿಂದ ನೋಡಿದಳು, ತಡೆಯಲಿಲ್ಲ, ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಳು. ಅವಳು ಬರೆದದ್ದು ಎಣ್ಣೆ ಬಣ್ಣದಲ್ಲಿ. ಎಣ್ಣೆ ಬಣ್ಣದ ಮೇಲೆ ಸುಣ್ಣ ಕಚ್ಚುವುದಿಲ್ಲ ಎಂಬುದು ಬಣ್ಣದ ಡಬ್ಬ ಮುಟ್ಟಿದ ಯಾರಿಗಾದರೂ ಗೊತ್ತು. ಕಾರ್ಯದರ್ಶಿಗೆ ಗೊತ್ತಿರಲಿಲ್ಲ, ಗೊತ್ತಿದ್ದ ಆಳುಗಳು ಹೇಳಲಿಲ್ಲ. ಎರಡು ದಿನದ ಬಿಸಿಲಿಗೆ ಸುಣ್ಣ ಹಪ್ಪಳವೆದ್ದು ಉದುರತೊಡಗಿತು. ಮೊದಲು ಹೊರಬಂದದ್ದು ಹೊಟ್ಟೆ. ಆಮೇಲೆ ದಿನಕ್ಕೊಂದು ಉಂಗುರ. ಬೆಳಿಗ್ಗೆ ಕೆಲಸಕ್ಕೆ ಹೋಗುವವರು, ಇವತ್ತು ಏನು ಬಂತು ಎಂದು ನಿಂತು ನೋಡಿಕೊಂಡು ಹೋಗುವುದು ರೂಢಿಯಾಯಿತು. ನಲ್ಲಿ ಹೊರಬಂದ ದಿನ ಓಣಿಯವರು ಚಪ್ಪಾಳೆ ತಟ್ಟಿದರು.

ಕಾರ್ಯದರ್ಶಿ ನಗರ ಕಚೇರಿಗೆ ದೂರು ಕೊಟ್ಟ. ಆ ಊರಿನಲ್ಲಿ ಬೋರ್ಡಾಗಲಿ ಗೋಡೆಯಾಗಲಿ ಬರೆಯಲು ಕಚೇರಿಯ ಪರವಾನಗಿ ಬೇಕು. ಬೋರ್ಡಕ್ಕನ ಪರವಾನಗಿಯನ್ನು ಶಾಶ್ವತವಾಗಿ ರದ್ದು ಮಾಡಬೇಕೆಂಬುದು ದೂರು. ರದ್ದಾದರೆ ಅವಳು ಮುಂದೆ ಒಂದು ಅಕ್ಷರವನ್ನೂ ಬರೆಯುವಂತಿಲ್ಲ. ನಲವತ್ತು ವರ್ಷದ ಕೈಕೆಲಸ, ಅಪ್ಪನ ಏಣಿ, ಎಲ್ಲ ಒಂದು ಸಹಿಗೆ ಮುಗಿದುಹೋಗುತ್ತಿತ್ತು. ವಿಚಾರಣೆ ಗೋಡೆಯ ಮುಂದೆಯೇ ನಡೆಯಿತು. ಬಂದ ಅಧಿಕಾರಿ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಜೇಬಿನಲ್ಲಿ ಹುಡುಕುವಂಥವನು, ಆದರೆ ಕಾನೂನಿನ ಸಾಲು ಬಿಟ್ಟು ಆಚೀಚೆ ಸರಿಯುವವನಲ್ಲ.

"ಇವರು ನಿಮ್ಮ ಗುರುಗಳೇ ಅಂತ ಹೇಗೆ ಹೇಳ್ತೀರಿ? ಮುಖವೇ ಇಲ್ವಲ್ಲ," ಎಂದು ಅವನು ಕಾರ್ಯದರ್ಶಿಯನ್ನು ಕೇಳಿದ.

"ಹೊಟ್ಟೆ ನೋಡಿ ಸಾರ್," ಎಂದ ಕಾರ್ಯದರ್ಶಿ.

ಅಧಿಕಾರಿ ಬರೆದುಕೊಂಡ. ಮತ್ತೇನು ಗುರುತು ಎಂದು ಕೇಳಿದ. ಕಾರ್ಯದರ್ಶಿ ಉಂಗುರಗಳನ್ನು ತೋರಿಸಿದ, ಬೆಳ್ಳಿ ತಟ್ಟೆಯನ್ನು ತೋರಿಸಿದ, ಕುರ್ಚಿಯ ಕೆತ್ತನೆಯನ್ನು ತೋರಿಸಿದ. ಒಂದೊಂದನ್ನೂ ಬರೆದುಕೊಂಡ ಅಧಿಕಾರಿ, ತಟ್ಟೆಯಲ್ಲಿರುವ ನಲ್ಲಿ ಯಾರದು ಎಂದು ಕೇಳಿದ.

"ಅದೂ ನಮ್ಮದೇ," ಎಂದ ಕಾರ್ಯದರ್ಶಿ, ಅಂದ ಮೇಲೆ ನಾಲಗೆ ಕಚ್ಚಿಕೊಂಡ. ಹಿಂದೆ ನಿಂತಿದ್ದ ಓಣಿಯ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧಿಕಾರಿ ಅದನ್ನೂ ಬರೆದುಕೊಂಡ.

ತೀರ್ಮಾನ ಮಾತ್ರ ಬೋರ್ಡಕ್ಕನಿಗೆ ಸಿಹಿಯಾಗಿರಲಿಲ್ಲ. ಮುಖವಿಲ್ಲದ್ದರಿಂದ ಯಾರಿಗೂ ಅವಮಾನವಾಗಿದೆಯೆಂದು ಹೇಳಲಾಗದು. ಆದರೆ ಅರ್ಧಂಬರ್ಧ ಚಿತ್ರವನ್ನು ಬೀದಿಗೆ ಕಾಣುವಂತೆ ಬಿಡುವುದು ನಿಯಮಕ್ಕೆ ವಿರುದ್ಧ. ಹದಿನೈದು ದಿನದೊಳಗೆ ಮುಗಿಸಬೇಕು, ಇಲ್ಲ ಅಳಿಸಬೇಕು. ಎರಡೂ ಆಗದಿದ್ದರೆ ಪರವಾನಗಿ ರದ್ದು. ನೋಡದ ಮುಖವನ್ನು ತಾನು ಬರೆಯುವುದಿಲ್ಲ ಎಂದು ಬೋರ್ಡಕ್ಕ ಹೇಳಿದಳು. ಇದು ತಮ್ಮದೇ ಮುಖ ಎನ್ನುವವರು ಬಂದು ಎದುರಿಗೆ ಕೂರಲಿ, ಒಂದು ಗಂಟೆಯಲ್ಲಿ ಮುಗಿಸಿಕೊಡುತ್ತೇನೆ ಎಂದಳು. ಅಧಿಕಾರಿ ಅದನ್ನು ಕೂಡ ಬರೆದುಕೊಂಡು ಕಾಗದ ಮಡಿಸಿದ.

ಹತ್ತು ದಿನ ಯಾರೂ ಬಂದು ಕೂರಲಿಲ್ಲ. ಮನೆಯೊಳಗೆ ತಮ್ಮನ ಮುಖ ನೋಡುವ ಹಾಗಿರಲಿಲ್ಲ. ನಿನ್ನ ಅಕ್ಕನಿಗೆ ಬುದ್ಧಿ ಹೇಳು, ಇಲ್ಲ ಬೇರೆ ಕೆಲಸ ನೋಡಿಕೋ ಎಂದು ಕಾರ್ಯದರ್ಶಿ ಅವನಿಗೆ ದಿನವೂ ಚುಚ್ಚುತ್ತಿದ್ದ. ಒಂದು ಸಂಜೆ ಅವನು ಕೆಲಸದ ಕೋಣೆಯ ಹೊಸ್ತಿಲಲ್ಲಿ ನಿಂತು, ಒಳಗೆ ಬರದೆ ಮಾತಾಡಿದ.

"ಅಳಿಸಿಬಿಡು ಅಕ್ಕ. ನಿನಗೆ ನಿನ್ನ ಕೆಲಸ ಉಳಿಯುತ್ತೆ, ನನಗೆ ನನ್ನದು. ಒಂದು ಗೋಡೆಗೋಸ್ಕರ ಇಬ್ಬರೂ ಬೀದಿಗೆ ಬರೋದಾ?"

ಬೈಯಬೇಕೆಂದು ಅವಳು ಬಾಯಿ ತೆರೆದಳು. ಒಳಗೆ ಅವನ ಚಿಕ್ಕ ಮಗಳು ಗಟ್ಟಿಯಾಗಿ ಪಾಠ ಓದುತ್ತಿದ್ದಳು. ತೆರೆದ ಬಾಯಿ ಮುಚ್ಚಿ ಅವಳು ಕುಂಚ ತೊಳೆಯತೊಡಗಿದಳು. ತನ್ನ ಹಟಕ್ಕೆ ತಾನು ಬೆಲೆ ತೆರುವುದು ಬೇರೆ, ತಮ್ಮನ ಮಕ್ಕಳು ತೆರುವುದು ಬೇರೆ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು, ಹೆದರಿಕೆಯೂ ಆಯಿತು. ಮರುದಿನ ಬೆಳಿಗ್ಗೆ ಅವಳು ಬೂದು ಬಣ್ಣ ಕಲಸಿ ಗೋಡೆಯ ಮುಂದೆ ಏಣಿ ಇಟ್ಟಳು. ಕಾಲುವೆಗೆ ಹೊರಟಿದ್ದ ದೊಡ್ಡಮ್ಮ ಅದನ್ನು ಕಂಡು ನಿಂತಳು. ಯಾಕೆ ಎಂದು ಕೇಳಲಿಲ್ಲ. ಖಾಲಿ ಬಿಂದಿಗೆ ಕೆಳಗಿಟ್ಟು ಚಿತ್ರದ ಹತ್ತಿರ ಹೋಗಿ, ಮೇಜು ಹೊತ್ತ ತನ್ನದೇ ಮುಖದ ಮೇಲೆ ಕೈಯಾಡಿಸಿದಳು.

"ನಂದೊಂದು ಫೋಟೋ ಕೂಡ ಇಲ್ಲ ಕಣವ್ವ. ನಾನು ಹೀಗಿದೀನಿ ಅಂತ ಇದನ್ನ ನೋಡೇ ಗೊತ್ತಾಗಿದ್ದು," ಎಂದು ಹೇಳಿ ಬಿಂದಿಗೆ ಎತ್ತಿಕೊಂಡು ಹೋದಳು.

ಬೋರ್ಡಕ್ಕ ಬೂದು ಬಣ್ಣದ ಡಬ್ಬಕ್ಕೆ ಮುಚ್ಚಳ ಬಡಿದು ಒಳಗಿಟ್ಟಳು. ಅಳಿಸುವುದಿಲ್ಲ ಎಂದು ತಮ್ಮನಿಗೆ ಅಂದೇ ಹೇಳಿದಳು. ಅವನು ಎರಡು ದಿನ ಅಕ್ಕನೊಡನೆ ಮಾತು ಬಿಟ್ಟ.

ಮೂರನೆಯ ದಿನ ಅವನೇ ಓಡಿ ಬಂದ, ಮುಖ ಬಿಳುಚಿಕೊಂಡಿತ್ತು. ನಡೆದದ್ದು ಕಾರಿನೊಳಗೆ. ಹಿಂದಿನ ಸೀಟಿನಲ್ಲಿ ಗುರುಗಳು, ಪಕ್ಕದಲ್ಲಿ ಕಾರ್ಯದರ್ಶಿ. ಎದುರು ಗೋಡೆಯ ಮೇಲೆ ಏನೋ ಬರೆದಿದ್ದಾರಂತಲ್ಲ, ಜನ ಗುಂಪುಗೂಡಿ ನೋಡುತ್ತಾರಂತಲ್ಲ ಎಂದು ಗುರುಗಳು ಕೇಳಿದ್ದಾರೆ. ಮೂವತ್ತು ವರ್ಷದಿಂದ ಅವರ ಕಿವಿಗೆ ಹಿತವಾದದ್ದನ್ನಷ್ಟೇ ಹಾಕಿ ಅಭ್ಯಾಸವಾದ ಕಾರ್ಯದರ್ಶಿಯ ಬಾಯಿಗೆ ನಿಜ ಬರಲಿಲ್ಲ. ಅದು ತಮ್ಮದೇ ಚಿತ್ರ ಪೂಜ್ಯರೇ, ಬಡವರ ನಡುವೆ ತಾವು ಕೂತಿರುವ ಹಾಗೆ, ಮುಖ ಮಾತ್ರ ಬಾಕಿ ಎಂದಿದ್ದಾನೆ. ಯಾಕೆ ಬಾಕಿ ಎಂದರೆ, ತಮ್ಮನ್ನು ಕಣ್ಣಾರೆ ನೋಡದೆ ಬರೆಯುವುದಿಲ್ಲವಂತೆ ಎಂದಿದ್ದಾನೆ. ಗುರುಗಳಿಗೆ ಕಣ್ಣು ತುಂಬಿ ಬಂದಿದೆ. ಭಕ್ತಿ ಎಂದರೆ ಇದು, ನಾನೇ ಹೋಗಿ ಕೂರುತ್ತೇನೆ ಎಂದುಬಿಟ್ಟಿದ್ದಾರೆ. ಹೇಳಿದ್ದು ಸುಳ್ಳೆಂದು ಕಾರ್ಯದರ್ಶಿ ಈಗ ಒಪ್ಪಿಕೊಂಡರೆ ಮೂವತ್ತು ವರ್ಷದ್ದೆಲ್ಲ ಹೊರಬರುತ್ತದೆ.

ಬೋರ್ಡಕ್ಕ ನಗುತ್ತ ನಗುತ್ತ ಬಣ್ಣದ ಡಬ್ಬದ ಮೇಲೆ ಕುಸಿದು ಕೂತಳು. ತಮ್ಮನಿಗೆ ನಗು ಬರಲಿಲ್ಲ.

ಹದಿನೈದನೆಯ ದಿನ, ಗಡುವಿನ ಕೊನೆಯ ದಿನ, ಬೆಳಿಗ್ಗೆ ಹತ್ತಕ್ಕೆ ಗುರುಗಳು ಬಂದರು. ಹೆಬ್ಬಾಗಿಲಿನಿಂದ ಗೋಡೆಗೆ ಮೂವತ್ತು ಹೆಜ್ಜೆ. ಆ ಮೂವತ್ತು ಹೆಜ್ಜೆಯನ್ನೂ ಕಾರಿನಲ್ಲೇ ಬಂದರು, ತಮ್ಮ ಇಳಿದು ಬಾಗಿಲು ತೆರೆದ. ಕಾರ್ಯದರ್ಶಿ ಅಷ್ಟರಲ್ಲಿ ಬುದ್ಧಿ ಓಡಿಸಿದ್ದ. ಧೂಳು ಬೀಳಬಾರದೆಂಬ ನೆಪ ಹೇಳಿ ಗೋಡೆಗೆಲ್ಲ ಬಿಳಿಯ ಬಟ್ಟೆ ಹೊದಿಸಿ, ಮುಖದ ಜಾಗದಲ್ಲಿ ಮಾತ್ರ ಕಿಂಡಿ ಬಿಟ್ಟಿದ್ದ. ಮುಖ ಬರೆದಾಗುತ್ತಲೇ ಗುರುಗಳನ್ನು ಕಾರಿಗೆ ಹತ್ತಿಸಿಬಿಡುವುದೆಂದು ಅವನ ಲೆಕ್ಕಾಚಾರ. ಓಣಿಯ ಜನ, ಪೇಟೆಯ ಜನ, ಎರಡು ಪತ್ರಿಕೆಯವರು, ಕಡತ ಹಿಡಿದ ಅಧಿಕಾರಿ, ಬೀದಿ ತುಂಬಿತ್ತು.

ಬೋರ್ಡಕ್ಕ ಅಟ್ಟಣಿಗೆಯ ಮೇಲೆ ಕೂತು ಕೊನೆಗೂ ಆ ಮುಖವನ್ನು ನೋಡಿದಳು. ಕೆಟ್ಟ ಮುಖವಾಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ಅದು ಕೆಟ್ಟದ್ದಾಗಿರಲಿಲ್ಲ. ಕೆನ್ನೆ ಜೋತು, ಕಣ್ಣಡಿಯಲ್ಲಿ ಚೀಲ ಬಂದು, ಗಲ್ಲದ ಮೇಲೆ ಸಣ್ಣ ಗಾಯದ ಕಲೆಯಿದ್ದ ಮುದುಕ. ಬಹುಕಾಲ ಯಾರೂ ಎದುರು ಮಾತಾಡದೆ ಮೈಮರೆತ ಮುಖ, ಅಷ್ಟೇ. ದ್ವೇಷದಿಂದ ಒಂದು ಗೆರೆ ಹೆಚ್ಚು ಎಳೆದರೂ ಅಪ್ಪನಿಗೆ ಸುಳ್ಳು ಹೇಳಿದ ಹಾಗೆ ಎಂದುಕೊಂಡಳು. ಇದ್ದದ್ದನ್ನು ಇದ್ದ ಹಾಗೆ ಬರೆದಳು. ತುಟಿಯಂಚಿನ ಸಮಾಧಾನದ ಕಿರುನಗೆಯನ್ನು ಕೂಡ ಬಿಡಲಿಲ್ಲ. ಒಂದು ಗಂಟೆಗೆ ಹತ್ತು ನಿಮಿಷ ಹೆಚ್ಚು ಹಿಡಿಯಿತು.

ಅವಳು ಆಯಿತೆಂದು ತಲೆಯಾಡಿಸಿ ಕೆಳಗಿಳಿದಾಗ ಕಾರ್ಯದರ್ಶಿ ಗುರುಗಳ ಮೊಣಕೈ ಹಿಡಿದು ಕಾರಿನತ್ತ ತಿರುಗಿಸಿದ. ಆದರೆ ಅನಾವರಣವೆಂದರೆ ಗುರುಗಳಿಗೆ ಪಂಚಪ್ರಾಣ. ಊರಿನ ಎಷ್ಟು ಶಿಲಾಫಲಕ, ಎಷ್ಟು ಪ್ರತಿಮೆಗಳ ಬಟ್ಟೆ ಸರಿಸಿದ ಕೈ ಅದು, ಎದುರಿಗೆ ಬಟ್ಟೆ ಹೊದ್ದ ಗೋಡೆ ಕಂಡು ಸುಮ್ಮನಿರುತ್ತದೆಯೇ? ಕಾರ್ಯದರ್ಶಿ ತಡೆಯುವಷ್ಟರಲ್ಲಿ ಅವರೇ ಹೋಗಿ ಅಂಚು ಹಿಡಿದು ಎಳೆದರು.

ಬಟ್ಟೆ ಕೆಳಗೆ ಬಿತ್ತು. ಯಾರೂ ನಗಲಿಲ್ಲ. ಗುರುಗಳು ಮೊದಲು ತಮ್ಮ ಮುಖ ನೋಡಿದರು, ಆಮೇಲೆ ಹೊಟ್ಟೆ, ಆಮೇಲೆ ಮೇಜಿನ ಕೆಳಗಿನವರನ್ನು.

"ತಟ್ಟೇಲಿರೋದು ಏನು?" ಎಂದು ಕೇಳಿದರು.

"ನಮ್ಮ ನಲ್ಲಿ, ಪೂಜ್ಯರೇ," ಎಂದ ಇಸ್ತ್ರಿ ತಾತ.

ಗುರುಗಳ ಮುಖ ಕೆಂಪಾಯಿತು. ಇದನ್ನು ಅಳಿಸಲು ಹೇಳಿ ಎಂದು ಕಾರ್ಯದರ್ಶಿಯತ್ತ ತಿರುಗಿದರು. ಬೋರ್ಡಕ್ಕ ಕೈ ಒರೆಸಿಕೊಳ್ಳುತ್ತ ಮುಂದೆ ಬಂದಳು.

"ಕೆಳಗಿನ ನಾಲ್ಕು ಜನಾನ ಎಬ್ಬಿಸಿ, ನಿಮ್ಮ ಮುಖ ನಾನೇ ಅಳಿಸ್ತೀನಿ," ಎಂದಳು. "ಅವರು ಏಳೋ ತನಕ ನೀವೂ ಅಲ್ಲೇ ಕೂತಿರಿ."

ಕಾರ್ಯದರ್ಶಿಗೆ ಬಣ್ಣ ಹಸಿಯಾಗಿರುವುದು ಕಂಡಿತು. ಸೀಮೆಎಣ್ಣೆಯಲ್ಲಿ ಅದ್ದಿದ ಒಂದು ಬಟ್ಟೆ ಸಾಕು, ಒಂದೇ ಸಲಕ್ಕೆ ಮುಖ ಹೋಗುತ್ತದೆ. ಮುಖ ಹೋದರೆ ಚಿತ್ರ ಅಪೂರ್ಣ, ಗಡುವು ಇವತ್ತಿಗೇ ಮುಗಿಯುತ್ತದೆ, ಪರವಾನಗಿ ಅಲ್ಲಿಗೆ ರದ್ದು. ಅವನು ಡ್ರೈವರನ್ನು ಕರೆದ. ಅಟ್ಟಣಿಗೆಯ ಕೆಳಗೆ ಬಿದ್ದಿದ್ದ, ಕುಂಚ ಒರೆಸುವ ಬಟ್ಟೆಯ ತುಂಡನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅವನ ಕೈಗಿತ್ತು, ಹತ್ತಿ ಒರೆಸು ಎಂದ. ಅಭ್ಯಾಸದಂತೆ ತಮ್ಮ ಮೊದಲು ಹೂಂ ಎಂದ.

ಅಧಿಕಾರಿ ಗಡಿಯಾರ ನೋಡಿಕೊಂಡ. ಏಣಿ ಬೋರ್ಡಕ್ಕನ ಕೈಗೆ ಸಿಗುವಷ್ಟು ಹತ್ತಿರವಿತ್ತು, ಎಳೆದುಕೊಂಡುಬಿಡಬಹುದಿತ್ತು. ಎಳೆದುಕೊಳ್ಳಲಿಲ್ಲ. ಅವನ ಮಕ್ಕಳ ಅನ್ನದ ಮಾತು, ಅವನೇ ತೀರ್ಮಾನಿಸಲಿ ಎಂದು ಏಣಿಯ ಬುಡವನ್ನು ಎರಡು ಕೈಯಲ್ಲೂ ಗಟ್ಟಿಯಾಗಿ ಹಿಡಿದು ನಿಂತಳು. ತಮ್ಮ ಅವಳ ಮುಖ ನೋಡದೆ ಹತ್ತಿದ.

ಮೇಲೆ ಹೋಗಿ ಅವನು ಆ ದೊಡ್ಡ ಮುಖದ ಎದುರು ನಿಂತ. ಹದಿನಾರು ವರ್ಷ ಕಾರಿನ ಕನ್ನಡಿಯಲ್ಲಿ ಮಾತ್ರ ನೋಡಿದ್ದ ಮುಖ. ಬಿಸಿಲಿಗೆ ಎಣ್ಣೆ ಸಡಿಲಾಗಿ, ಗಲ್ಲದ ತುದಿಯಿಂದ ಬಣ್ಣದ ಒಂದು ಹನಿ ಇಳಿದು ಬಿಳಿ ನಿಲುವಂಗಿಯ ಕಡೆ ಜಾರುತ್ತಿತ್ತು. ಅವನು ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡ. ಅವನು ಆ ಹನಿಯನ್ನು, ಅದೊಂದನ್ನೇ, ಗಲ್ಲದ ಗೆರೆ ಕೆಡದ ಹಾಗೆ ನಾಜೂಕಾಗಿ ಒರೆಸಿ ತೆಗೆದ. ಕೈ ಒಂದಿಷ್ಟೂ ನಡುಗಲಿಲ್ಲ.

ಕೆಳಗಿಳಿದು ಬಂದವನು ಬಟ್ಟೆಯನ್ನು ಕಾರ್ಯದರ್ಶಿಯ ಕೈಗೆ ಕೊಟ್ಟ. ಜೇಬಿನಿಂದ ಕಾರಿನ ಕೀಲಿ ತೆಗೆದು ಅದರ ಮೇಲಿಟ್ಟ.

"ಚಿತ್ರ ಮುಗೀತು ಸಾರ್," ಎಂದ ಅಧಿಕಾರಿಗೆ. "ಬರ್ಕೊಳ್ಳಿ."

ಅಧಿಕಾರಿ ಹಣೆಯ ಮೇಲಿಂದ ಕನ್ನಡಕ ಇಳಿಸಿಕೊಂಡು, ಗುರುಗಳು ತಾವೇ ಬಂದು ಕೂತರೆಂಬುದನ್ನೂ ಸೇರಿಸಿ ಬರೆದುಕೊಂಡ. ಗುರುಗಳು ಕಾರಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತರು. ಕಾರ್ಯದರ್ಶಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ, ಓಡಿಸಬಲ್ಲವರು ಯಾರಾದರೂ ಇದ್ದೀರಾ ಎಂದು ಅವನು ಗುಂಪಿನಲ್ಲಿ ಕೇಳಿದ. ಒಬ್ಬರೂ ಮುಂದೆ ಬರಲಿಲ್ಲ. ಸ್ವಲ್ಪ ಹೊತ್ತು ಕಾದು ಗುರುಗಳು ತಾವೇ ಬಾಗಿಲು ತೆರೆದುಕೊಂಡು ಇಳಿದರು, ನಿಲುವಂಗಿಯ ಅಂಚು ಎತ್ತಿ ಹಿಡಿದು, ದಾರಿ ಬಿಟ್ಟು ನಿಂತ ಓಣಿಯ ಜನರ ನಡುವೆ ಮೂವತ್ತು ಹೆಜ್ಜೆ ನಡೆದು ಮನೆಗೆ ಹೋದರು.